ರಟ್ಟೆಗೆ ಹಾಕಬೇಕಾದ ಸೂಜಿ ಭುಜಕ್ಕೆ ಬಿದ್ದರೆ: ಪರಿಹಾರ ಕೇಳಲು ಯಾವ ದಾರಿ?

ನಮ್ಮ ಕುಟುಂಬದಲ್ಲಿ ಲಸಿಕೆ ಹಾಕಿಸಿಕೊಂಡು ಭುಜ ಕೆಡಿಸಿಕೊಂಡವರು ಇಬ್ಬರು. ಮಂಗಳೂರಿನಲ್ಲಿ ನಾನು, ಅಮೆರಿಕದಲ್ಲಿ ನಮ್ಮ ದೊಡ್ಡಮ್ಮ. ನೋವು ಒಂದೇ ತರ. ಪರಿಹಾರ ಕೇಳುವ ದಾರಿ ಮಾತ್ರ ಪೂರಾ ಬೇರೆ.

ಮೊದಲು ನನ್ನ ಕಥೆ. ನಾನು ಹೊಲಿಗೆಯವಳು, ಬಿಜೈಯಲ್ಲಿ ಸಣ್ಣ ಅಂಗಡಿ. ಮಳೆಗಾಲ ಹಿಡಿಯುವ ಮೊದಲು ಫ್ಲೂ ಲಸಿಕೆ ಹಾಕಿಸೋಣ ಅಂತ ಒಂದು ಖಾಸಗಿ ಕ್ಲಿನಿಕ್‌ಗೆ ಹೋಗಿದ್ದೆ. ಮೈಮೇಲೆ ನಾನೇ ಹೊಲಿದ ಬಿಗಿ ತೋಳಿನ ರವಕೆ. ತೋಳು ಮೇಲೆ ಸರಿಯಲಿಲ್ಲ. ಸಿಸ್ಟರ್ ಕುತ್ತಿಗೆಯ ಕಡೆಯಿಂದ ರವಕೆಯನ್ನು ಸ್ವಲ್ಪ ಜಾರಿಸಿದರು. ನಾನು ಕುಳಿತಿದ್ದೆ, ಅವರು ನಿಂತಿದ್ದರು. ಭುಜದ ಮೂಳೆಯ ಪಕ್ಕದಲ್ಲೇ ಚುಚ್ಚಿದರು. ಮರುದಿನ ಬೆಳಿಗ್ಗೆ ಎಡಗೈ ಎತ್ತಿ ತಲೆ ಬಾಚಲು ಆಗಲಿಲ್ಲ. ಸಿಟಿ ಬಸ್ಸಿನಲ್ಲಿ ಮೇಲಿನ ಸರಳು ಹಿಡಿಯಲು ಹೋಗಿ ಕಣ್ಣಲ್ಲಿ ನೀರು ಬಂತು. ಕ್ಲಿನಿಕ್‌ನಲ್ಲಿ ಕೇಳಿದರೆ "ಲಸಿಕೆ ನೋವು, ಎರಡು ದಿನ" ಅಂದರು. ಆ ಎರಡು ದಿನ ಮೂರು ವಾರವಾಯಿತು. ಆಮೇಲೆ ಮೂಳೆ ಡಾಕ್ಟರ್, ಸ್ಕ್ಯಾನ್, ಭುಜಕ್ಕೆ ಸ್ಟೀರಾಯ್ಡ್ ಇಂಜೆಕ್ಷನ್, ನಾಲ್ಕು ತಿಂಗಳು ಫಿಸಿಯೋಥೆರಪಿ. ಆ ವರ್ಷ ಅಷ್ಟಮಿ, ಚೌತಿಯ ಆರ್ಡರ್ ಎಲ್ಲ ಪಕ್ಕದ ಅಂಗಡಿಗೆ ಹೋಯಿತು.

ಇದಕ್ಕೆ ಡಾಕ್ಟರುಗಳು ಸಿರ್ವಾ (SIRVA) ಅನ್ನುತ್ತಾರೆ, ಅಂದರೆ ಲಸಿಕೆ ಚುಚ್ಚುವಾಗ ಭುಜಕ್ಕೆ ಆಗುವ ಗಾಯ. ಭುಜದ ಮೂಳೆಯ ಕೆಳಗೆ ಬರ್ಸಾ ಅಂತ ಒಂದು ಪುಟ್ಟ ಚೀಲ ಇದೆ. ಕೀಲು ಆಡುವಾಗ ಉಜ್ಜದ ಹಾಗೆ ಕಾಪಾಡುವುದು ಅದರ ಕೆಲಸ. ಲಸಿಕೆ ಹೋಗಬೇಕಾದ್ದು ರಟ್ಟೆಯ ಮಾಂಸಖಂಡಕ್ಕೆ, ಮೂಳೆಯ ತುದಿಯಿಂದ ಎರಡು ಮೂರು ಬೆರಳು ಕೆಳಗೆ. ಸೂಜಿ ಮೇಲಾದರೆ ಮದ್ದು ಆ ಚೀಲಕ್ಕೋ ಕೀಲಿನ ಹತ್ತಿರಕ್ಕೋ ಹೋಗಿ ಉರಿಯೂತ ಶುರುವಾಗುತ್ತದೆ. ತಪ್ಪು ಲಸಿಕೆಯದ್ದಲ್ಲ, ಚುಚ್ಚಿದ ಜಾಗದ್ದು. ಇದನ್ನು ಯಾಕೆ ಒತ್ತಿ ಹೇಳುತ್ತೇನೆ ಅಂದರೆ, ನನ್ನ ಕೈ ನೋಡಿ ಅತ್ತಿಗೆ ಮಗುವಿಗೆ ಲಸಿಕೆಯೇ ಬೇಡ ಅಂತ ಕುಳಿತಿದ್ದಳು. ಅವಳನ್ನು ಒಪ್ಪಿಸಲು ನನ್ನ ಕೇಸಿಗಿಂತ ಜಾಸ್ತಿ ವಾದ ಮಾಡಬೇಕಾಯಿತು.

ಇಲ್ಲಿ ಕೇಳುವ ಪ್ರಶ್ನೆ, ಅಲ್ಲಿ ಕೇಳುವ ಪ್ರಶ್ನೆ

ಅಮೆರಿಕದಲ್ಲಿ "ಲಸಿಕೆ ಹಾಕಿದ ಮೇಲೆ ಇಂತಿಷ್ಟು ಗಂಟೆಯೊಳಗೆ ಭುಜ ಹಿಡಿಯಿತಾ?" ಅಂತ ಕೇಳುತ್ತಾರೆ. ಹೌದು ಅಂತ ತೋರಿಸಿದರೆ, ಯಾರ ತಪ್ಪು ಅನ್ನುವ ಮಾತೇ ಬರುವುದಿಲ್ಲ. ನಮ್ಮಲ್ಲಿ "ಯಾರ ತಪ್ಪು?" ಅನ್ನುವುದೇ ಮೊದಲ ಪ್ರಶ್ನೆ. ಭುಜದ ಗಾಯಕ್ಕೆ ಅಂತಲೇ ಇಟ್ಟ ನಿಧಿ ನಮ್ಮಲ್ಲಿಲ್ಲ. ಚುಚ್ಚಿದವರ ಅಥವಾ ಆಸ್ಪತ್ರೆಯ ನಿರ್ಲಕ್ಷ್ಯ ಅಂತ ತೋರಿಸಿಯೇ ದುಡ್ಡು ಕೇಳಬೇಕು. ಕೋವಿಡ್ ಲಸಿಕೆಯ ನಂತರ ಆದ ಸಾವಿನ ಬಗ್ಗೆಯೂ ಕೇಂದ್ರ ಸರ್ಕಾರ 2022ರಲ್ಲಿ ಸುಪ್ರೀಂ ಕೋರ್ಟಿಗೆ ಹೇಳಿದ್ದು ಇದನ್ನೇ: ಹೊಣೆ ನಮ್ಮದಲ್ಲ, ಬೇಕಾದವರು ಸಿವಿಲ್ ಕೋರ್ಟಿಗೆ ಹೋಗಲಿ.

ಹಾಗಾಗಿ ಇಲ್ಲಿ ದಾರಿ ಆರಿಸುವಾಗ ಮೊದಲು ನೋಡಬೇಕಾದ್ದು ಭುಜ ಅಲ್ಲ, ಬಿಲ್ಲು. ದುಡ್ಡು ಕೊಟ್ಟು ಹಾಕಿಸಿಕೊಂಡಿರಾ, ಪುಕ್ಕಟೆಯಾ? ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಗ್ರಾಹಕ ಆಯೋಗ

ದುಡ್ಡು ಕೊಟ್ಟಿದ್ದರೆ ಎಲ್ಲರೂ ಮೊದಲು ಹೇಳುವುದು ಇದನ್ನೇ. ಡಾಕ್ಟರುಗಳ ಸೇವೆ ಗ್ರಾಹಕ ಕಾಯ್ದೆಯೊಳಗೆ ಬರುತ್ತದೆ ಅಂತ ಸುಪ್ರೀಂ ಕೋರ್ಟು 1995ರಲ್ಲೇ, ವಿ.ಪಿ. ಶಾಂತಾ ಪ್ರಕರಣದಲ್ಲಿ ಹೇಳಿದೆ. ಎಲ್ಲರಿಗೂ ಪುಕ್ಕಟೆಯಾಗಿ ಮಾಡುವ ಆಸ್ಪತ್ರೆಗಳು ಮಾತ್ರ ಹೊರಗೆ. ಕೆಲವರಿಂದ ದುಡ್ಡು ತೆಗೆದುಕೊಂಡು ಕೆಲವರಿಗೆ ಪುಕ್ಕಟೆ ಮಾಡುವ ಆಸ್ಪತ್ರೆಯಾದರೆ, ಪುಕ್ಕಟೆ ಹೋದವರಿಗೂ ಹಕ್ಕು ಉಂಟು. ನಮ್ಮ ಕರಾವಳಿಯಲ್ಲಿ ಟ್ರಸ್ಟ್ ಆಸ್ಪತ್ರೆಗಳು, ಉಚಿತ ಶಿಬಿರಗಳು ಜಾಸ್ತಿ, ಅದಕ್ಕೇ ಈ ಮಾತು ನೆನಪಿರಲಿ.

ಈಗಿರುವುದು 2019ರ ಕಾಯ್ದೆ. ಅದರಲ್ಲಿ ನಮಗೆ ಅನುಕೂಲವಾದ ಎರಡು ಸಂಗತಿ ಇವೆ. ಒಂದು, ಯಾವ ಆಯೋಗಕ್ಕೆ ಹೋಗಬೇಕು ಅನ್ನುವುದು ನೀವು ಕೇಳುವ ಪರಿಹಾರದ ಮೇಲೆ ನಿಂತಿಲ್ಲ, ನೀವು ಕೊಟ್ಟ ಹಣದ ಮೇಲೆ ನಿಂತಿದೆ. ಕೊಟ್ಟದ್ದು 50 ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗ. 5 ಲಕ್ಷದೊಳಗಿದ್ದರೆ ಶುಲ್ಕವೇ ಇಲ್ಲ. ಲಸಿಕೆಗೆ 5 ಲಕ್ಷ ಕೊಟ್ಟವರು ಯಾರಿದ್ದಾರೆ ಮಾರಾಯ್ರೆ? ಹಾಗಾಗಿ ಸೂಜಿಯ ಕೇಸಿಗೆಲ್ಲ ಶುಲ್ಕ ಸೊನ್ನೆ. ಇನ್ನೊಂದು, ನೀವು ವಾಸ ಇರುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಮಂಗಳೂರಿನಲ್ಲಿ ಚುಚ್ಚಿಸಿಕೊಂಡ ಕುಂದಾಪುರದವರು ಉಡುಪಿಯಲ್ಲೇ ಹಾಕಬಹುದು. ಆನ್‌ಲೈನಿನಲ್ಲಿ ಹಾಕಲು ಇ-ಜಾಗೃತಿ ತಾಣ ಇದೆ.

ಅವಧಿ ಎರಡು ವರ್ಷ. ಭುಜದ ವಿಷಯದಲ್ಲಿ ಇದು ಬೇಗ ಕಳೆಯುತ್ತದೆ. ಮೊದಲ ಆರು ತಿಂಗಳು "ಸರಿಯಾಗುತ್ತದೆ" ಅಂತ ಹೋಗುತ್ತದೆ, ಮುಂದಿನ ಆರು ತಿಂಗಳು ಚಿಕಿತ್ಸೆಯಲ್ಲಿ. ತಡವಾದರೆ ಸರಿಯಾದ ಕಾರಣ ಕೊಟ್ಟು ಕೇಳಿಕೊಳ್ಳಬಹುದು, ಆದರೆ ಅದನ್ನು ನಂಬಿ ಕೂರಬಾರದು.

ಕಷ್ಟ ಇರುವುದು ಸಾಕ್ಷಿಯಲ್ಲಿ. ಎದುರು ವಕೀಲರು ಮೊದಲು ಕೇಳುವುದು "ನಿಮಗೆ ಸಕ್ಕರೆ ಕಾಯಿಲೆ ಇದೆಯಾ?" ಅಂತ. ಪ್ರಶ್ನೆ ಸುಮ್ನೆ ಅಲ್ಲ. ನಲವತ್ತು ದಾಟಿದವರಿಗೆ, ಅದರಲ್ಲೂ ಸಕ್ಕರೆ ಇರುವವರಿಗೆ, ಯಾವ ಸೂಜಿಯೂ ಇಲ್ಲದೆ ಭುಜ ಹಿಡಿಯುವುದುಂಟು. ಸೂಜಿಯಿಂದಲೇ ಅಂತ ಬರೆದುಕೊಡಲು ಇನ್ನೊಬ್ಬ ಡಾಕ್ಟರ್ ಬೇಕು. ಮಂಗಳೂರು, ಮಣಿಪಾಲದಲ್ಲಿ ಇಷ್ಟೊಂದು ಮೆಡಿಕಲ್ ಕಾಲೇಜು ಇದ್ದರೂ ಆ ಒಂದು ಕಾಗದ ಸಿಗುವುದು ಸುಲಭ ಇಲ್ಲ. ಒಬ್ಬರಿಗೊಬ್ಬರು ಕಲಿಸಿದವರು, ಜೊತೆಗೆ ಓದಿದವರು, ಸಂಬಂಧಿಕರು. ಎಲ್ಲ ಕೇಸಿಗೂ ತಜ್ಞರ ಸಾಕ್ಷಿ ಬೇಕೇ ಬೇಕು ಅಂತಿಲ್ಲ ಎಂದು ಸುಪ್ರೀಂ ಕೋರ್ಟು 2010ರ ವಿ. ಕಿಶನ್ ರಾವ್ ಪ್ರಕರಣದಲ್ಲಿ ಹೇಳಿದೆ ನಿಜ. ಆದರೆ ಹೊಟ್ಟೆಯಲ್ಲಿ ಕತ್ತರಿ ಬಿಟ್ಟಂಥ ಕಣ್ಣಿಗೆ ಕಾಣುವ ತಪ್ಪಿಗೆ ಆ ಮಾತು ಒಗ್ಗುತ್ತದೆ. ಎರಡು ಬೆರಳು ಮೇಲೆ ಚುಚ್ಚಿದ್ದು ಹಾಗೆ ಕಣ್ಣಿಗೆ ಕಾಣುವುದಿಲ್ಲವಲ್ಲ.

ಸಮಯ? ಕಾಯ್ದೆ ಹೇಳುವುದು 3ರಿಂದ 5 ತಿಂಗಳು. ನನಗೆ ಗೊತ್ತಿರುವವರಲ್ಲಿ ಅಷ್ಟರೊಳಗೆ ಮುಗಿಸಿಕೊಂಡು ಬಂದವರು ಒಬ್ಬರೂ ಇಲ್ಲ. ಗೆದ್ದ ಮೇಲೂ ಆಸ್ಪತ್ರೆಯವರು ರಾಜ್ಯ ಆಯೋಗಕ್ಕೆ ಅಪೀಲು ಹೋಗಬಹುದು.

ಕಾಯಂ ಲೋಕ ಅದಾಲತ್

ಈ ದಾರಿ ಹೆಚ್ಚಿನವರಿಗೆ ಗೊತ್ತೇ ಇಲ್ಲ. ಗೊತ್ತಿದ್ದವರೂ ಇದನ್ನು ಮಾಮೂಲಿ ಲೋಕ ಅದಾಲತ್ ಅಂದುಕೊಳ್ಳುತ್ತಾರೆ. ಮಾಮೂಲಿಯದ್ದರಲ್ಲಿ ಇಬ್ಬರೂ ಒಪ್ಪಿದರೆ ರಾಜಿ, ಒಪ್ಪದಿದ್ದರೆ ಫೈಲು ವಾಪಸ್. ಕಾಯಂ ಲೋಕ ಅದಾಲತ್ ಮೊದಲು ರಾಜಿ ಮಾಡಿಸಲು ನೋಡುತ್ತದೆ. ಆಗದಿದ್ದರೆ ತಾನೇ ತೀರ್ಪು ಕೊಡುತ್ತದೆ. ಬಸ್ಸು, ಅಂಚೆ, ಕರೆಂಟು, ನೀರು, ವಿಮೆಯಂಥ ಸೇವೆಗಳ ತಕರಾರಿಗೆ ಅಂತ ಮಾಡಿದ್ದು, ಆಸ್ಪತ್ರೆ ಮತ್ತು ದವಾಖಾನೆಯ ಸೇವೆಯೂ ಆ ಪಟ್ಟಿಯಲ್ಲಿ ಉಂಟು. 1 ಕೋಟಿ ರೂಪಾಯಿವರೆಗಿನ ವಿಷಯ ತೆಗೆದುಕೊಳ್ಳುತ್ತದೆ. ಶುಲ್ಕ ಇಲ್ಲ. ಮಂಗಳೂರಿನಲ್ಲೇ ಇದೆ.

ನಾನು ಆರಿಸಿದ್ದು ಇದನ್ನು. ಮೊದಲ ಕಾರಣ, ಇಲ್ಲಿ ಸಿವಿಲ್ ಕೋರ್ಟಿನ ಹಾಗೆ ಸಾಕ್ಷ್ಯ ಕಾಯ್ದೆಯ ಅಕ್ಷರ ಅಕ್ಷರ ಹಿಡಿದು ಕೂರುವುದಿಲ್ಲ. ಸ್ಕ್ಯಾನಿನ ವರದಿ, ಕ್ಲಿನಿಕ್ ಬಿಲ್ಲು, ನನ್ನ ಆರ್ಡರ್ ಪುಸ್ತಕ ಎಲ್ಲವನ್ನೂ ಮೇಜಿನ ಮೇಲೆ ಇಟ್ಟು ಮಾತಾಡಬಹುದು. ಎರಡನೇ ಕಾರಣ, ಕ್ಲಿನಿಕ್‌ನವರಿಗೆ "ನಿರ್ಲಕ್ಷ್ಯ" ಅನ್ನುವ ಶಬ್ದ ತೀರ್ಪಿನಲ್ಲಿ ಬರುವುದು ಬೇಡ. ನನಗೆ ಆ ಶಬ್ದ ಬೇಕಾಗಿರಲಿಲ್ಲ, ದುಡ್ಡು ಬೇಕಿತ್ತು. ಇಂಥ ಕಡೆ ರಾಜಿ ಹುಟ್ಟುತ್ತದೆ. ಮೂರನೇ ಸಲ ಕೂತಾಗ ಮುಗಿಯಿತು. ಚಿಕಿತ್ಸೆಗೆ ಖರ್ಚಾದದ್ದು ಪೂರ್ತಿ ಬಂತು. ಹೋದ ಕೆಲಸದ ಲೆಕ್ಕದಲ್ಲಿ ಸುಮಾರು ಅರ್ಧ ಬಂತು. ನೋವಿಗೆ ಅಂತ ಏನೂ ಬರಲಿಲ್ಲ. ಗ್ರಾಹಕ ಆಯೋಗಕ್ಕೆ ಹೋಗಿದ್ದರೆ ಜಾಸ್ತಿ ಸಿಗುತ್ತಿತ್ತೋ ಏನೋ. ಒಂದೊಂದು ದಿನ ಹಾಗೆ ಅನ್ನಿಸುತ್ತದೆ, ಸುಳ್ಳು ಹೇಳುವುದಿಲ್ಲ.

ಹೋಗುವ ಮೊದಲು ಎರಡು ವಿಷಯ ಗೊತ್ತಿರಬೇಕು. ಬೇರೆ ಕೋರ್ಟಿಗೆ ಹೋಗುವ ಮೊದಲೇ ಇಲ್ಲಿಗೆ ಬರಬೇಕು, ಇಲ್ಲಿ ಅರ್ಜಿ ಹಾಕಿದ ಮೇಲೆ ಅದೇ ವಿಷಯಕ್ಕೆ ಬೇರೆ ಕೋರ್ಟು ಹತ್ತುವ ಹಾಗಿಲ್ಲ. ಮತ್ತೆ, ಇಲ್ಲಿಯ ತೀರ್ಪಿಗೆ ಅಪೀಲು ಇಲ್ಲ. ಹೈಕೋರ್ಟಿಗೆ ರಿಟ್ ಅರ್ಜಿ ಹಾಕಬಹುದು ಅಷ್ಟೇ. ಒಂದೇ ಬಾಣ, ನೋಡಿ ಬಿಡಬೇಕು. ಕೈ ಶಾಶ್ವತವಾಗಿ ಊನವಾದವರಿಗೆ, ಆಪರೇಷನ್ ಆದವರಿಗೆ, ದೊಡ್ಡ ಸಂಬಳ ಹೋದವರಿಗೆ ನಾನು ಇದನ್ನು ಮೊದಲು ಹೇಳುವುದಿಲ್ಲ. ಅವರು ಗ್ರಾಹಕ ಆಯೋಗದಲ್ಲಿ ಹೊಡೆದಾಡುವುದೇ ಸರಿ. ನನ್ನ ಹಾಗೆ ಒಂದು ವರ್ಷದೊಳಗೆ ಹೆಚ್ಚುಕಡಿಮೆ ಗುಣವಾದವರಿಗೆ ಇದು ಸಾಕು.

ಇನ್ನೊಂದು ಗುಂಪಿಗಂತೂ ಇದು ತುಂಬಾ ಉಪಯೋಗ: ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಹಾಕಿಸಿಕೊಂಡವರು. ಅವರಿಗೆ ಗ್ರಾಹಕ ಆಯೋಗ ಮುಚ್ಚಿದ ಬಾಗಿಲು. ಕಾಯಂ ಲೋಕ ಅದಾಲತ್ತಿನ ಕಾಯ್ದೆಯಲ್ಲಿ "ಆಸ್ಪತ್ರೆ ಅಥವಾ ದವಾಖಾನೆಯ ಸೇವೆ" ಅಂತಷ್ಟೇ ಇದೆ, ದುಡ್ಡು ಕೊಟ್ಟ ಸೇವೆ ಅಂತ ಇಲ್ಲ.

ವಕೀಲರಿಗೆ ದುಡ್ಡಿಲ್ಲ ಅಂತ ಹಿಂದೆ ಸರಿಯಬೇಡಿ. ಮಂಗಳೂರು, ಉಡುಪಿ ಎರಡೂ ಕಡೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಇದೆ. ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ, ಕಾರ್ಖಾನೆ ಕಾರ್ಮಿಕರಿಗೆ ಆದಾಯ ಎಷ್ಟಿದ್ದರೂ ಉಚಿತ ವಕೀಲರು ಸಿಗುತ್ತಾರೆ. ನನಗೂ ಸಿಕ್ಕಿದರು. ಸಹಾಯವಾಣಿ 15100.

ಸಿವಿಲ್ ಕೋರ್ಟು, ಹೈಕೋರ್ಟು

ಸಿವಿಲ್ ದಾವೆಯಲ್ಲಿ ಕೇಳುವ ಹಣ ಹೆಚ್ಚಾದ ಹಾಗೆ ಕೋರ್ಟ್ ಫೀಸೂ ಏರುತ್ತದೆ. ಸರ್ಕಾರದ ಮೇಲೆ ಹಾಕುವುದಾದರೆ ಎರಡು ತಿಂಗಳು ಮೊದಲೇ ನೋಟಿಸ್ ಕೊಡಬೇಕು. ಹೈಕೋರ್ಟಿನ ರಿಟ್ ಅಂದರೆ ಶಿರಾಡಿ ಘಾಟಿ ಹತ್ತಿ ಬೆಂಗಳೂರಿಗೇ ಹೋಗಬೇಕು, ನಮ್ಮ ಕಡೆ ಪೀಠ ಇಲ್ಲ. ಯಾರು ಎಲ್ಲಿ ಚುಚ್ಚಿದರು ಅನ್ನುವ ತಕರಾರನ್ನು ಅಲ್ಲಿ ಬಿಡಿಸುವುದೂ ಕಡಿಮೆ. ಭುಜದ ಕೇಸಿಗೆ ಈ ಎರಡೂ ಬೇರೆ ದಾರಿ ಇಲ್ಲದಾಗ ಮಾತ್ರ.

ದುಡ್ಡು ಕೊಡದ, ಆದರೂ ಹೋಗಬೇಕಾದ ಕಡೆಗಳು

ಕೆಲವು ಕಡೆ ದೂರು ಕೊಟ್ಟರೆ ಒಂದು ರೂಪಾಯಿ ಬರುವುದಿಲ್ಲ. ಆದರೆ ಕಾಗದ ಹುಟ್ಟುತ್ತದೆ. ಅದೂ ದುಡ್ಡೇ.

ಲಸಿಕೆಯ ನಂತರದ ತೊಂದರೆಗಳನ್ನು ದಾಖಲಿಸಲು ಸರ್ಕಾರದ ವ್ಯವಸ್ಥೆ ಇದೆ. ಹತ್ತಿರದ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗೆ ಅಥವಾ ಜಿಲ್ಲಾ ಲಸಿಕಾ ಅಧಿಕಾರಿಗೆ ತಿಳಿಸಬಹುದು. 1800-180-3024ಕ್ಕೆ ಫೋನ್ ಮಾಡಿಯೂ ಹೇಳಬಹುದು. ಈ ವ್ಯವಸ್ಥೆಯಲ್ಲಿ ತೊಂದರೆಯ ಕಾರಣವನ್ನು ಬೇರೆ ಬೇರೆ ಗುಂಪು ಮಾಡುತ್ತಾರೆ: ಲಸಿಕೆಯ ಗುಣದಿಂದ ಆದದ್ದು, ಲಸಿಕೆಯ ದೋಷದಿಂದ ಆದದ್ದು, ಹಾಕುವಾಗಿನ ತಪ್ಪಿನಿಂದ ಆದದ್ದು, ಹೆದರಿಕೆಯಿಂದ ಆದದ್ದು, ಕಾಕತಾಳೀಯ, ಹೀಗೆ. ಭುಜದ ಗಾಯ ಸೇರಬೇಕಾದ್ದು "ಹಾಕುವಾಗಿನ ತಪ್ಪು" ಗುಂಪಿಗೆ. ನಿಮ್ಮ ಫೈಲಿನಲ್ಲಿ ಆ ಒಂದು ಸಾಲು ಇದ್ದರೆ, ಊರಿನಲ್ಲಿ ತಜ್ಞರ ಕಾಗದ ಸಿಗದಿದ್ದಾಗ ಅದು ಸ್ವಲ್ಪ ಬಲ ಕೊಡಬಹುದು. ನಾನು ಇದನ್ನು ಮಾಡಲಿಲ್ಲ. ಆಗ ಗೊತ್ತಿರಲಿಲ್ಲ, ಈಗ ಬೇಜಾರಾಗುತ್ತದೆ.

ಖಾಸಗಿ ಆಸ್ಪತ್ರೆಯ ಮೇಲೆ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆಯಡಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರಕ್ಕೆ ದೂರು ಕೊಡಬಹುದು. ಉಡುಪಿಯವರಾದರೆ ಮಣಿಪಾಲದ ರಜತಾದ್ರಿಗೆ, ಅಂದರೆ ಜಿಲ್ಲಾಧಿಕಾರಿ ಕಚೇರಿಗೆ, ಹೋಗಿ ಕೇಳಿ. ವೈದ್ಯಕೀಯ ಮಂಡಳಿಗೆ ಬರೆಯುವವರು ಒಂದು ಮರೆಯುತ್ತಾರೆ: ಅದು ಡಾಕ್ಟರುಗಳಿಗೆ. ಚುಚ್ಚಿದ್ದು ನರ್ಸ್ ಆದರೆ ನರ್ಸಿಂಗ್ ಕೌನ್ಸಿಲ್ ಬೇರೆ ಇದೆ. ನಾನಂತೂ ಆ ಸಿಸ್ಟರ್ ಮೇಲೆ ಬರೆಯಲಿಲ್ಲ. ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗಿ. ಕುಳಿತು ಚುಚ್ಚಲು ಒಂದು ಸ್ಟೂಲು ಕೊಡದವರು ಕ್ಲಿನಿಕ್‌ನವರು.

ಪೊಲೀಸ್ ಸ್ಟೇಷನ್ ಬೇಡ. ಡಾಕ್ಟರುಗಳ ಮೇಲೆ ಕ್ರಿಮಿನಲ್ ಕೇಸಿಗೆ ದೊಡ್ಡ ಮಟ್ಟದ ನಿರ್ಲಕ್ಷ್ಯವೇ ಇರಬೇಕು, ಮೊದಲು ಇನ್ನೊಬ್ಬ ವೈದ್ಯರ ಅಭಿಪ್ರಾಯ ತೆಗೆದುಕೊಳ್ಳಬೇಕು ಅಂತ ಸುಪ್ರೀಂ ಕೋರ್ಟು 2005ರಲ್ಲಿ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಹೇಳಿದೆ. ಎರಡು ಬೆರಳಿನ ತಪ್ಪಿಗೆ ಅದು ನಿಲ್ಲುವುದಿಲ್ಲ, ರಾಜಿಯ ದಾರಿಯೂ ಕೆಡುತ್ತದೆ.

ಬಾಣಂತನಕ್ಕೆ ಅಮೆರಿಕಕ್ಕೆ ಹೋದವರಿಗೆ

ಈಗ ದೊಡ್ಡಮ್ಮನ ಭುಜ. ಸೊಸೆಯ ಬಾಣಂತನಕ್ಕೆ ನ್ಯೂಜೆರ್ಸಿಗೆ ಹೋಗಿದ್ದರು. ಹಸುಗೂಸಿಗೆ ನಾಯಿಕೆಮ್ಮು ಹತ್ತಬಾರದು ಅಂತ ಅಜ್ಜ ಅಜ್ಜಿಯರಿಗೂ ಟಿಡ್ಯಾಪ್ ಲಸಿಕೆ ಹಾಕಿಸಲು ಅಲ್ಲಿ ಹೇಳುತ್ತಾರೆ. ಔಷಧಿ ಅಂಗಡಿಯಲ್ಲೇ ಹಾಕಿಸಿದರು. ಆ ರಾತ್ರಿಯಿಂದಲೇ ಕೈ ಏಳಲಿಲ್ಲ. ಮಗುವಿಗೆ ಎಣ್ಣೆ ಹಚ್ಚಿ ಮೀಯಿಸಲು ಹೋದವರು ತಾವೇ ಎಣ್ಣೆ ಹಚ್ಚಿಸಿಕೊಂಡು ಮಲಗಿದರು.

ಅಮೆರಿಕದಲ್ಲಿ 1986ರ ಕಾಯ್ದೆಯ ಕೆಳಗೆ ಲಸಿಕೆ ಗಾಯಕ್ಕೆ ಪರಿಹಾರದ ಯೋಜನೆ ಇದೆ, ಶುರುವಾದದ್ದು 1988ರಲ್ಲಿ. ಪ್ರತಿ ಡೋಸಿನ ಮೇಲೆ, ಅದು ತಡೆಯುವ ಒಂದೊಂದು ಕಾಯಿಲೆಗೆ 75 ಸೆಂಟ್‌ನಂತೆ ತೆರಿಗೆ ಹಾಕಿ ನಿಧಿ ತುಂಬಿಸುತ್ತಾರೆ. ಟಿಡ್ಯಾಪ್ ಮೂರು ಕಾಯಿಲೆಗೆ, ಹಾಗಾಗಿ ದೊಡ್ಡಮ್ಮನ ಒಂದು ಸೂಜಿಯಿಂದ ನಿಧಿಗೆ ಎರಡೂಕಾಲು ಡಾಲರ್ ಹೋಗಿದೆ. ಯೋಜನೆಯ ಗಾಯಗಳ ಪಟ್ಟಿಗೆ ಸಿರ್ವಾ 2017ರಲ್ಲಿ ಸೇರಿತು. 2021ರ ಜನವರಿಯಲ್ಲಿ ತೆಗೆಯುವ ಆದೇಶ ಬಂತು, ಸರ್ಕಾರ ಬದಲಾದ ಮೇಲೆ ಅದೇ ವರ್ಷ ಆ ಆದೇಶ ವಾಪಸ್ ಆಯಿತು. ಅರ್ಜಿ ಹಾಕುವ ದಿನ ಪಟ್ಟಿಯಲ್ಲಿ ಇದೆಯಾ ಅಂತ ನೋಡಿಕೊಳ್ಳುವುದು ಒಳ್ಳೆಯದು.

ಪಟ್ಟಿಯಲ್ಲಿ ಕೇಳುವುದು ಇಷ್ಟು: ಆ ಭುಜದಲ್ಲಿ ಮೊದಲು ನೋವು ಇರಬಾರದು. 48 ಗಂಟೆಯೊಳಗೆ ನೋವು ಶುರುವಾಗಿರಬೇಕು. ನೋವು, ಬಿಗಿತ ಎರಡೂ ಚುಚ್ಚಿದ ಭುಜದಲ್ಲಿ ಮಾತ್ರ ಇರಬೇಕು. ಬೇರೆ ಕಾಯಿಲೆಯಿಂದ ಆದದ್ದು ಅಂತ ಹೇಳುವ ಹಾಗಿರಬಾರದು. ಜೊತೆಗೆ, ತೊಂದರೆ ಆರು ತಿಂಗಳಿಗಿಂತ ಹೆಚ್ಚು ಉಳಿದಿರಬೇಕು, ಇಲ್ಲವಾದರೆ ಆಸ್ಪತ್ರೆಗೆ ಸೇರಿ ಆಪರೇಷನ್ ಆಗಿರಬೇಕು. ಪೌರತ್ವ ಕೇಳುವುದಿಲ್ಲ, ಲಸಿಕೆ ಅಮೆರಿಕದಲ್ಲಿ ಹಾಕಿಸಿಕೊಂಡಿರಬೇಕು ಅಷ್ಟೇ. ವಿಸಿಟರ್ ವೀಸಾದಲ್ಲಿ ಹೋಗಿ ಬಂದ ನಮ್ಮ ದೊಡ್ಡಮ್ಮನಂಥವರಿಗೆ ಇದು ದೊಡ್ಡ ಮಾತು.

ನೋವು ಸಂಕಟಕ್ಕೆ 2,50,000 ಡಾಲರ್‌ವರೆಗೆ ಕೊಡಬಹುದು, ಚಿಕಿತ್ಸೆಯ ಖರ್ಚು ಮತ್ತು ಹೋದ ಸಂಬಳ ಬೇರೆ. ಅದು ಮೇಲಿನ ಮಿತಿ ಮಾತ್ರ, ಎಲ್ಲರಿಗೂ ಅಷ್ಟು ಅಂತ ಅಲ್ಲ. ವಕೀಲರ ಫೀಸನ್ನು ಯೋಜನೆಯೇ ಬೇರೆಯಾಗಿ ಕೊಡುತ್ತದೆ, ನಿಮ್ಮ ಪರಿಹಾರದಲ್ಲಿ ಅವರು ಪಾಲು ಕೇಳುವ ಹಾಗಿಲ್ಲ. ಅರ್ಜಿಗೆ ಆಧಾರ ಇದ್ದರೆ ಸೋತರೂ ಫೀಸ್ ಸಿಗಬಹುದು. ನಮ್ಮಲ್ಲಿ ಇಂಥದ್ದೊಂದು ಇದ್ದಿದ್ದರೆ ಅಂತ ನನಗೆ ಅಸೂಯೆ ಆದದ್ದು ಆ ಎರಡೂವರೆ ಲಕ್ಷ ಡಾಲರ್ ನೋಡಿ ಅಲ್ಲ, ಈ ಫೀಸಿನ ಮಾತು ಕೇಳಿ. ಅಲ್ಲೂ ವರ್ಷಗಟ್ಟಲೆ ಕಾಯಬೇಕು ಬಿಡಿ.

ಅವಧಿ, ಮೊದಲ ಲಕ್ಷಣ ಕಂಡ ದಿನದಿಂದ ಮೂರು ವರ್ಷ. ಕೋವಿಡ್ ಲಸಿಕೆಗೆ ಮಾತ್ರ ಬೇರೆಯೇ ಯೋಜನೆ. ಅದರಲ್ಲಿ ಲಸಿಕೆ ಹಾಕಿಸಿದ ದಿನದಿಂದ ಒಂದೇ ವರ್ಷ, ನೋವಿಗೆ ಅಂತ ಹಣವೂ ಇಲ್ಲ.

ಎಲ್ಲಿಗೆ ಹೋದರೂ ಬೇಕಾದ ಕಾಗದ

ಅಮೆರಿಕದ ಆ 48 ಗಂಟೆಯ ಪಟ್ಟಿಯನ್ನೇ ಇಲ್ಲೂ ಅಳತೆ ಟೇಪಿನ ಹಾಗೆ ಇಟ್ಟುಕೊಳ್ಳಿ ಅಂತ ನನ್ನ ವಕೀಲರು ಹೇಳಿದ್ದರು. ಇಲ್ಲಿಯ ಕಾಯ್ದೆಯಲ್ಲಿ ಅದು ಇಲ್ಲ. ಆದರೆ ಕೇಳುವವರಿಗೆ ವಿಷಯ ಬೇಗ ಅರ್ಥವಾಗುತ್ತದೆ.

ನೋವು ಶುರುವಾದ ದಿನವೇ ಕ್ಲಿನಿಕ್‌ಗೆ ವಾಟ್ಸಾಪ್ ಮಾಡಿ. ಫೋನಿನಲ್ಲಿ ಹೇಳಿದ್ದಕ್ಕೆ ಬೆಲೆ ಇಲ್ಲ. ಸೂಜಿಯ ಗುರುತು ಮಾಸುವ ಮೊದಲು ಭುಜದ ತುದಿಯೂ ಕಾಣುವ ಹಾಗೆ ಫೋಟೋ ತೆಗೆಸಿ. ಯಾವ ಕೈಗೆ ಹಾಕಿದ್ದು ಅಂತ ಲಸಿಕೆ ಕಾರ್ಡಿನಲ್ಲಿ ಬರೆಸಿಕೊಳ್ಳಿ. ನನ್ನದರಲ್ಲಿ ಇರಲಿಲ್ಲ, ಅದಕ್ಕೇ ಒಂದು ಇಡೀ ದಿನ ವಾದ ಆಯಿತು. ಮೂಳೆ ಡಾಕ್ಟರ್ ಹತ್ತಿರ ಹೋದಾಗ "ಲಸಿಕೆ ಹಾಕಿಸಿಕೊಂಡ ಮಾರನೇ ದಿನದಿಂದ" ಅನ್ನುವ ಮಾತು ಚೀಟಿಯಲ್ಲಿ ಬರುವ ಹಾಗೆ ನೋಡಿಕೊಳ್ಳಿ. ಬರೀ "ಎಡ ಭುಜ ನೋವು" ಅಂತ ಬರೆದರೆ ಎರಡು ವರ್ಷ ಬಿಟ್ಟು ಅದು ಯಾರ ಪರವೂ ಮಾತಾಡುವುದಿಲ್ಲ. ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಅಂತ ವೈದ್ಯರ ನಡವಳಿಕೆಯ ನಿಯಮದಲ್ಲೇ ಇದೆ, ಬರಹದಲ್ಲಿ ಕೇಳಿ.

ಹೋದ ಸಂಪಾದನೆಗೆ ಸಂಬಳದ ಚೀಟಿ ಇದ್ದವರಿಗೆ ಸುಲಭ. ನಮ್ಮಂಥವರಿಗೆ? ನನ್ನ ಪಾಲಿಗೆ ಬಂದದ್ದು ಆರ್ಡರ್ ಪುಸ್ತಕ. ಹಿಂದಿನ ವರ್ಷದ ಶ್ರಾವಣದಲ್ಲಿ ಎಷ್ಟು ರವಕೆ, ಈ ವರ್ಷ ಎಷ್ಟು ಅಂತ ಪುಟ ತಿರುಗಿಸಿ ತೋರಿಸಿದೆ. ಬೀಡಿ ಕಟ್ಟುವವರಿಗೆ ಪಾಸ್ ಪುಸ್ತಕ ಇರುತ್ತದೆ. ಶಂಕರಪುರ ಕಡೆ ಮಲ್ಲಿಗೆ ಕಟ್ಟುವವರು ಕೊಟ್ಟ ಅಟ್ಟೆಯ ಲೆಕ್ಕದ ಚೀಟಿಯನ್ನು ಎಸೆಯಬೇಡಿ.

ದೊಡ್ಡಮ್ಮನದ್ದು ಇನ್ನೂ ಅರ್ಜಿಯೇ ಹೋಗಿಲ್ಲ. ಔಷಧಿ ಅಂಗಡಿಯಿಂದ ಲಸಿಕೆ ದಾಖಲೆ ತರಬೇಕಾದ ಮಗನಿಗೆ ಪುರುಸೊತ್ತಿಲ್ಲವಂತೆ. ಮೂರು ವರ್ಷದಲ್ಲಿ ಎರಡು ಮುಗಿದಿದೆ. "ಅವನಿಗೆ ಯಾಕೆ ತೊಂದರೆ ಕೊಡುವುದು" ಅಂತಾರೆ ಇವರು, ಬಲಗೈಯಲ್ಲಿ ಎಡಗೈ ಎತ್ತಿ ಹಿಡಿದುಕೊಂಡು. ಹಾಗಾಗಿ ಪ್ರತಿ ಆದಿತ್ಯವಾರ ರಾತ್ರಿ, ಅಲ್ಲಿ ಬೆಳಗಾಗುವ ಹೊತ್ತಿಗೆ, ನಾನೇ ಅವನಿಗೆ ಫೋನ್ ಮಾಡುತ್ತಿದ್ದೇನೆ.